ಗೋಪುರದ ಮುಂದೆ, ಕುಟುಂಬ ಸಮೇತ

ಪಕ್ಕಾ ಎಂಬವನು ಜೀವಮಾನದಲ್ಲಿ ಹೇಳಿದ ಸುಳ್ಳುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಸತ್ಯದ ಮೇಲೆ ಅವನಿಗೆ ವಿಶೇಷ ಪ್ರೀತಿ ಇತ್ತೆಂದಲ್ಲ. ಸುಳ್ಳು ಹೇಳಬೇಕಾದರೆ ಎದುರಿಗೆ ಒಬ್ಬರಾದರೂ ಇರಬೇಕು. ಅವನಿಗೆ ಆ ಅನುಕೂಲ ಇರಲಿಲ್ಲ.

ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು ಅವನ ಕೆಲಸ. ಗಿರಾಕಿಗಳು ಮುಂದಿನ ಕೋಣೆಗೆ ಬರುತ್ತಿದ್ದರು, ಕೂರುತ್ತಿದ್ದರು, ಕನ್ನಡಿಯಲ್ಲಿ ಮೂಗು ನೋಡಿಕೊಂಡು ಹೋಗುತ್ತಿದ್ದರು. ಪಕ್ಕಾನಿಗೆ ತಲುಪುತ್ತಿದ್ದದ್ದು ಗೋಡೆಯಲ್ಲಿದ್ದ ಪುಸ್ತಕದಗಲದ ಕಿಂಡಿಯಿಂದ ಒಳಗೆ ಬೀಳುವ ಚೀಟಿ ಮಾತ್ರ. ಅವನು ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸಿ, ಅದೇ ಕಿಂಡಿಯಿಂದ ಹೊರಗೆ ತಳ್ಳುತ್ತಿದ್ದ. ಮಾಲೀಕರು ಆಚೆಯಿಂದ "ಆಯ್ತಾ?" ಎನ್ನುತ್ತಿದ್ದರು. ಇವನು ಈಚೆಯಿಂದ "ಪಕ್ಕಾ" ಎನ್ನುತ್ತಿದ್ದ. ಹತ್ತೊಂಬತ್ತು ವರ್ಷ ಅದೊಂದೇ ಮಾತು ಹೊರಗೆ ಬಂದದ್ದರಿಂದ ಜನ ಅದನ್ನೇ ಅವನಿಗೆ ಅಂಟಿಸಿಬಿಟ್ಟರು. ಹಾಗೆ ನೋಡಿದರೆ, ಗಾಜು ಉಜ್ಜುವುದೊಂದನ್ನು ಬಿಟ್ಟು ಅವನ ಬದುಕಿನಲ್ಲಿ ಯಾವುದೂ ಅಷ್ಟು ಪಕ್ಕಾ ಇರಲಿಲ್ಲ. ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಬಸ್ಸು ಹತ್ತುವವನು, ಇಳಿಯುವ ನಿಲ್ದಾಣ ಬಂದಾಗ ಇಳಿಯಲೋ ಬೇಡವೋ ಎಂದು ಪಕ್ಕದವರ ಮುಖ ನೋಡುವವನು.

ಅವನಿದ್ದ ಊರಾದರೋ ದೇಶದೇಶದವರು ವಿಮಾನ ಹತ್ತಿ ನೋಡಲು ಬರುವಂಥದ್ದು. ಒಂದು ಬಸ್ಸಿನಲ್ಲಿ ಐದು ಭಾಷೆ ಕೇಳಿಸುತ್ತಿತ್ತು. ಒಂದು ಬೀದಿಯಲ್ಲಂತೂ ಗುಡಿ, ಮಸೀದಿ, ಇಗರ್ಜಿ, ಬೌದ್ಧ ವಿಹಾರ ನಾಲ್ಕೂ ಒಂದರ ಗೋಡೆಗೊಂದು ಒರಗಿಕೊಂಡು ನಿಂತಿದ್ದವು. ನಡುಪೇಟೆಯಲ್ಲಿ ಗಡಿಯಾರದ ಗೋಪುರ, ಬಂದರಿನಲ್ಲಿ ದೀಪಸ್ತಂಭ. ಇವನ್ನೆಲ್ಲ ಪಕ್ಕಾ ಚೆನ್ನಾಗಿ ಬಲ್ಲ. ಅಂಗಡಿಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದರಂತೆ ನೋಡಿದ್ದ.

ಪ್ರತಿ ಭಾನುವಾರ ಬೆಳಗ್ಗೆ ಎಂಟಕ್ಕೆ ಅವನು ಬೇರೆ ಊರಲ್ಲಿದ್ದ ತನ್ನ ಅಕ್ಕನಿಗೆ ಫೋನು ಮಾಡುತ್ತಿದ್ದ.

"ತಿಂಡಿ ಆಯ್ತೇನೋ ಪುಟ್ಟ?"

"ಆಯ್ತು."

"ಏನ್ ತಿಂದೆ?"

"ಬ್ರೆಡ್ಡು."

"ಇವತ್ತೇನ್ ಮಾಡ್ತೀಯ?"

"ಬಟ್ಟೆ ಒಗೀತೀನಿ" ಎನ್ನುವುದು ಈ ಪ್ರಶ್ನೆಗೆ ಹತ್ತೊಂಬತ್ತು ವರ್ಷದಿಂದ ಬಂದ ಉತ್ತರ. ಆದರೆ ಆ ಭಾನುವಾರ ಅವನು ಬಾಯಿ ತೆರೆಯುವ ಮೊದಲೇ ಅಕ್ಕನ ಹಿಂದಿನಿಂದ ಭಾವನ ಗಂಟಲು ಕೇಳಿಸಿತು: "ಪಾಪ, ಒಬ್ಬನೇ ಇನ್ನೇನ್ ಮಾಡ್ತಾನೆ, ಗೋಡೆ ನೋಡ್ಕೊಂಡು ಕೂತಿರ್ತಾನೆ."

ಪಕ್ಕಾ ಆ ಹೊತ್ತಿಗೆ ಗೋಡೆಯನ್ನೇ ನೋಡುತ್ತಿದ್ದ. ಅದೇ ತಾಗಿತು.

"ಇವತ್ತು ನಾವೆಲ್ಲ ಗಡಿಯಾರದ ಗೋಪುರ ನೋಡೋಕೆ ಹೋಗ್ತಿದ್ದೀವಿ" ಅಂದ.

ಅಕ್ಕ ಮೆಲ್ಲಗೆ, "ನಾವೆಲ್ಲ ಅಂದ್ರೆ?" ಎಂದಳು.

"ನಾವೆಲ್ಲ ಅಂದ್ರೆ... ನಮ್ಮ ಗುಂಪು. ಸ್ನೇಹಿತರು."

"ನಿಜವಾಗ್ಲೂ?"

"ಪಕ್ಕಾ."

"ಅಯ್ಯೋ, ಎಷ್ಟು ಖುಷಿಯಾಯ್ತೋ! ಫೋಟೋ ಕಳಿಸು. ಮರೀಬೇಡ."

ಫೋನಿಟ್ಟ ಪಕ್ಕಾ ಎಂಟೂವರೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಕೊಂಡು, ತನಗಿಲ್ಲದ ಗುಂಪನ್ನು ಹುಡುಕಲು ಹೊರಟ.

ಗೋಪುರದ ಕೆಳಗೆ ಹತ್ತು ಗಂಟೆಗೆ ಅವನಿಗೊಂದು ಕುಟುಂಬ ಸಿಕ್ಕಿತು. ಹನ್ನೊಂದು ಜನ, ಯಾವ ದೇಶವೋ, ಆಡುತ್ತಿದ್ದ ಭಾಷೆಯ ತಲೆಬುಡ ಗೊತ್ತಾಗಲಿಲ್ಲ. ಅವರಲ್ಲಿ ಹಿರಿಯರಂತಿದ್ದ ಮುದುಕರ ಕೈಗೆ ಪಕ್ಕಾ ಫೋನು ಕೊಟ್ಟು, ತನ್ನನ್ನೂ ಗೋಪುರವನ್ನೂ ತೋರಿಸಿ, ಬೆರಳಲ್ಲಿ ಒತ್ತುವ ಅಭಿನಯ ಮಾಡಿದ. ಆ ಜನರು ನಿಂತಿದ್ದುದು ಹಿಂದೆ ಕಾಣಿಸಿದರೆ ಸಾಕು, ಗುಂಪು ಅಂತಾಯಿತು ಎನ್ನುವುದು ಅವನ ಲೆಕ್ಕ. ಆದರೆ ಆ ಮುದುಕರಿಗೆ ಮನುಷ್ಯನೊಬ್ಬ ಒಂಟಿಯಾಗಿ ಫೋಟೋ ತೆಗೆಸಿಕೊಳ್ಳಲು ಬಯಸಬಹುದೆಂಬ ಕಲ್ಪನೆಯೇ ಇರಲಿಲ್ಲ. ಅವರು ಪಕ್ಕಾನ ಮೊಣಕೈ ಹಿಡಿದು ದರದರ ಎಳೆದು ತಂದು ತಮ್ಮ ಹೆಂಡತಿಗೂ ಸೊಸೆಗೂ ನಡುವೆ ನಿಲ್ಲಿಸಿದರು. ಯಾರೋ ಅವನ ಕೈಗೆ ಒಂದು ಕೂಸನ್ನು ಕೊಟ್ಟರು. ಅಳಿಯ ಫೋಟೋ ತೆಗೆದ. ಕೂಸು ಅಳಲಿಲ್ಲ. ವಾಪಸು ಕೊಡುವಾಗ ಪಕ್ಕಾನಿಗೇ ಸ್ವಲ್ಪ ಕಷ್ಟವಾಯಿತು.

ಅಕ್ಕನಿಂದ ಮರುನಿಮಿಷಕ್ಕೆ ಉತ್ತರ ಬಂತು: "ಎಷ್ಟು ಒಳ್ಳೇ ಜನ! ಆ ಅಜ್ಜಿ ಯಾಕೆ ಕೋಲು ಹಿಡಿದಿದ್ದಾರೆ, ಕಾಲು ನೋವಾ?"

ಪಕ್ಕಾ ಬರೆದ: "ಈಗ ಪರವಾಗಿಲ್ಲ."

ಮುಂದಿನ ಭಾನುವಾರ ದೀಪಸ್ತಂಭ. ಅಲ್ಲಿ ನಿವೃತ್ತ ಅಂಚೆಯವರ ಸಂಘವೊಂದು ಹಳದಿ ಟೋಪಿ ಹಾಕಿಕೊಂಡು ಬಂದಿತ್ತು. ಪಕ್ಕಾ ಅವರ ನಡುವೆ ನಿಂತು ಫೋಟೋ ಹೊಡೆಸಿಕೊಂಡ. ಯಾರೋ ತಮ್ಮ ಟೋಪಿಯನ್ನೂ ಅವನ ತಲೆಗಿಟ್ಟರು. ಹೊರಡುವಾಗ ಸಂಘದ ಕಾರ್ಯದರ್ಶಿ ತಲೆ ಎಣಿಸಿದರೆ ಇಪ್ಪತ್ತೈದು ಬಂತು. ಬಂದವರು ಇಪ್ಪತ್ತನಾಲ್ಕು. ಅವರು ಮೂರು ಸಲ ಎಣಿಸಿ, ನಾಲ್ಕನೇ ಸಲ ಸಂಘದ ಸದಸ್ಯರೊಬ್ಬರನ್ನೇ "ನೀವ್ಯಾರು?" ಎಂದು ಕೇಳಿದ್ದಕ್ಕೆ ಆ ಸದಸ್ಯರು ಮುನಿಸಿಕೊಂಡು ಬಸ್ಸು ಹತ್ತಲಿಲ್ಲ. ಆ ಗಲಾಟೆಯಲ್ಲಿ ಪಕ್ಕಾ ಟೋಪಿಯನ್ನು ಕಟ್ಟೆಯ ಮೇಲಿಟ್ಟು ಜಾರಿಕೊಂಡ.

ಮೂರನೇ ಭಾನುವಾರ ನಾಲ್ಕು ಪ್ರಾರ್ಥನಾ ಮಂದಿರಗಳ ಬೀದಿ. ಅಲ್ಲಿ ಯಾವುದೋ ಚಳಿದೇಶದ ಹಾಡುಗಾರರ ತಂಡ. ಅವರು ಇವನ ಎತ್ತರ ನೋಡಿ ಹಿಂದಿನ ಸಾಲಿನ ದಪ್ಪ ದನಿಯವರ ಪಕ್ಕ ನಿಲ್ಲಿಸಿದರು. ಫೋಟೋದಲ್ಲಿ ಎಲ್ಲರ ಬಾಯಿಯೂ ತೆರೆದಿತ್ತು, ಪಕ್ಕಾನದೂ.

ಮಾರನೇ ದಿನ, ಸೋಮವಾರ, ಬೆಳಗ್ಗೆ ಆರಕ್ಕೆ ಫೋನು ಹೊಡೆದುಕೊಂಡಿತು. ಅಕ್ಕ ಎಂದೂ ಸೋಮವಾರ ಮಾಡಿದವಳಲ್ಲ. ಪಕ್ಕಾ ಎದ್ದು ಕುಳಿತು ಫೋನೆತ್ತಿದ.

"ಅಕ್ಕ? ಭಾವಂಗೆ ಏನಾಯ್ತು?"

"ಭಾವಂಗೆ ಏನೂ ಆಗಿಲ್ಲ. ಅವಳು ಯಾರು?"

"ಯಾವಳು?"

"ಹಸಿರು ಕೊಡೆ."

"ಯಾವ ಕೊಡೆ?"

"ಪುಟ್ಟ, ನಿನಗೀಗ ನಲವತ್ತಾರು. ನನ್ನ ಹತ್ರ ನಾಚ್ಕೋಬೇಡ. ಮೂರು ಫೋಟೋದಲ್ಲೂ ನಿನ್ನ ಎಡಗಡೆ ಹಿಂದೆ ನಿಂತಿದ್ದಾಳಲ್ಲ, ಅವಳು."

ಪಕ್ಕಾ ಅಂಗಡಿಗೆ ಓಡಿ, ಭೂತಗನ್ನಡಿ ಹಿಡಿದು ಮೂರೂ ಫೋಟೋಗಳನ್ನು ನೋಡಿದ. ಅಕ್ಕ ಹೇಳಿದ್ದು ಸುಳ್ಳಲ್ಲ. ಗೋಪುರದ ಕಂಬದ ಪಕ್ಕ ಒಬ್ಬ ಹೆಂಗಸು: ನಲವತ್ತರ ಆಚೀಚೆ, ಹಸಿರು ಕೊಡೆ, ಕೈಯಲ್ಲೊಂದು ಪುಸ್ತಕ. ದೀಪಸ್ತಂಭದ ಕಟಕಟೆಯ ಹತ್ತಿರವೂ ಅವಳೇ. ಬೀದಿಯ ಕಮಾನಿನ ಕೆಳಗೂ ಅವಳೇ. ಮೂರರಲ್ಲೂ ಪಕ್ಕಾನ ಕಡೆಗೇ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಾಳೆ.

"ನನಗೆ ಗೊತ್ತಿಲ್ಲ ಅಕ್ಕ, ನಿಜವಾಗ್ಲೂ" ಎಂದು ಅವನು ಮಧ್ಯಾಹ್ನ ಹೇಳಿದ. ಈ ಫೋಟೋಗಳ ವಿಷಯದಲ್ಲಿ ಅವನು ಹೇಳಿದ ಮೊದಲ ಶುದ್ಧ ಸತ್ಯ ಅದು. ಅದನ್ನು ಯಾರೂ ನಂಬಲಿಲ್ಲ.

"ಗೊತ್ತಿಲ್ಲದೋಳು ಮೂರು ವಾರ ನಿನ್ನ ಹಿಂದೆ ನಿಂತಿರ್ತಾಳಾ?" ಎಂದಳು ಅಕ್ಕ. ಅಕ್ಕನ ತರ್ಕಕ್ಕೆ ಎದುರಾಡುವುದು ಸುಲಭವಿರಲಿಲ್ಲ.

ಸಂಜೆ ಭಾವ ಫೋನು ತೆಗೆದುಕೊಂಡರು. ಅವರು ನಿವೃತ್ತ ರೈಲ್ವೆ ಟಿಕೆಟ್ ಪರೀಕ್ಷಕರು. ಲೋಕದ ಜನರನ್ನು ಟಿಕೆಟ್ ಇದ್ದವರು, ಇಲ್ಲದವರು ಎಂದು ಎರಡೇ ಜಾತಿಯಾಗಿ ವಿಂಗಡಿಸಿದವರು. "ನೋಡಪ್ಪ, ಮೂವತ್ತಾರು ವರ್ಷ ರೈಲಲ್ಲಿ ಮುಖ ನೋಡಿದೋನು ನಾನು. ಆ ಹೆಂಗಸಿನ ಹತ್ರ ಟಿಕೆಟ್ ಇದೆ. ನೂರಕ್ಕೆ ನೂರು ಇದೆ. ನೀನು ಹಿಂದೆ ಮುಂದೆ ನೋಡ್ಬೇಡ."

ಮಂಗಳವಾರ ಚಿಕ್ಕಮ್ಮನ ಸರದಿ. "ಮೂಗು ನೋಡಿದ್ರೆ ಸಿಟ್ಟು ಜಾಸ್ತಿ ಅನ್ಸುತ್ತೆ ಕಣೋ. ಇರ್ಲಿ ಬಿಡು. ನೀನಂತೂ ಬಾಯೇ ಬಿಡಲ್ಲ, ಅವಳಾದ್ರೂ ಬೈತಿದ್ರೆ ಮನೇಲಿ ಸದ್ದಿರುತ್ತೆ."

ಅಂಗಡಿಯಲ್ಲಿ ವಿಷಯ ಹೇಗೆ ಹರಡಿತೋ ಗೊತ್ತಿಲ್ಲ. ಭೂತಗನ್ನಡಿಯಲ್ಲಿ ಹೆಂಗಸಿನ ಫೋಟೋ ನೋಡುತ್ತ ಕೂತವನನ್ನು ಕಿಂಡಿಯಿಂದ ಮಾಲೀಕರು ಎರಡು ಸಲ ಕಂಡಿದ್ದರು, ಅಷ್ಟು ಸಾಕಾಯಿತು. ಅವರು ಚೀಟಿಯ ಬದಲು ತಮ್ಮ ಕೈಯನ್ನೇ ಕಿಂಡಿಯೊಳಗೆ ತೂರಿಸಿ ಪಕ್ಕಾನ ಕೈ ಕುಲುಕಿದರು. "ಒಂದಿನ ಕರ್ಕೊಂಡ್ ಬನ್ನಿ. ಕಣ್ಣು ಪರೀಕ್ಷೆ ಮಾಡ್ಸೋಣ" ಎಂದರು.

ಇನ್ನು ಮನೆಯೊಡತಿ. ಅವಳಿಗೆ ಪಕ್ಕಾನ ಭಾಷೆ ಅರ್ಧ ಬರುತ್ತಿತ್ತು. ಉಳಿದರ್ಧವನ್ನು ಗೋಡೆಗೆ ಕಿವಿಕೊಟ್ಟು ಊಹಿಸಿಕೊಳ್ಳುತ್ತಿದ್ದಳು. ಬುಧವಾರ ಅವಳು ಸುತ್ತಿಗೆ ಹಿಡಿದು ಮೂರನೇ ಮಹಡಿ ಹತ್ತಿಬಂದಳು.

"ರೂಮು ಒಬ್ಬರಿಗೆ ಅಂತ ಪತ್ರದಲ್ಲಿದೆ. ನಾನು ಕೆಟ್ಟ ಹೆಂಗಸಲ್ಲ. ಆದ್ರೆ ಮೊದಲೇ ಹೇಳ್ಬೇಕಿತ್ತು."

"ಏನನ್ನ ಹೇಳ್ಬೇಕಿತ್ತು?"

"ಕೊಡೆ ಎಲ್ಲಿ ಇಡ್ತಾರೆ? ನೀರು ಸೋರುತ್ತೆ. ನನ್ನ ನೆಲ ಮರದ್ದು." ಹಾಗೆನ್ನುತ್ತ ಬಾಗಿಲ ಹಿಂದೆ ಎರಡನೇ ಕೊಕ್ಕೆ ಹೊಡೆದು ಹೋದಳು.

ಹೇಳಲೇಬೇಕಾದ ಮಾತೆಂದರೆ, ಆ ವಾರ ಪಕ್ಕಾನಿಗೆ ಚೆನ್ನಾಗಿಯೇ ಇತ್ತು. ಕೆಳಗಿನ ಲಾಂಡ್ರಿಯವನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ "ಹೇಗಿದ್ದಾರೆ ಅವರು?" ಎಂದು ಕೇಳಿದ. ಪಕ್ಕಾ "ಚೆನ್ನಾಗಿದ್ದಾರೆ" ಎಂದ. ಮೆಟ್ಟಿಲು ಹತ್ತುವಾಗ, ಅವರು ಚೆನ್ನಾಗಿರಲಿ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

ಗುರುವಾರ ಅಕ್ಕನ ತೀರ್ಪು ಬಂತು. "ಭಾನುವಾರ ಬೆಳಗ್ಗೆ ರೈಲಿಗೆ ಬರ್ತಿದ್ದೀವಿ. ಸಂಜೆ ರೈಲಿಗೆ ವಾಪಸ್. ಅವಳನ್ನ ಒಂದ್ಸಲ ನೋಡಿದ್ರೆ ನನಗೆ ನೆಮ್ಮದಿ."

ಪಕ್ಕಾ ಶನಿವಾರವಿಡೀ ಸತ್ಯವನ್ನು ಬಾಯಿಪಾಠ ಮಾಡಿದ. ಅದು ಹನ್ನೊಂದು ವಾಕ್ಯವಾಯಿತು. ಭಾನುವಾರ ನಿಲ್ದಾಣದಲ್ಲಿ ರೈಲು ನಿಂತಿತು, ಅಕ್ಕ ಇಳಿದಳು. ತಲೆಗೂದಲಿಗೆ ಹೊಸದಾಗಿ ಬಣ್ಣ ಹಾಕಿಸಿದ್ದಳು. ಕಾಲಿಗೆ ಹೊಸ ಚಪ್ಪಲಿ. ಆಗಲೇ ಕಚ್ಚುತ್ತಿದೆಯೆಂದು ನಡಿಗೆಯೇ ಹೇಳುತ್ತಿತ್ತು. ಕಂಕುಳಲ್ಲಿ ತಾನೇ ಹೆಣೆದ ಎರಡು ಉಣ್ಣೆ ಹೊದಿಕೆ, ಒಂದೇ ಬಣ್ಣದವು. ಪಕ್ಕಾನ ಹನ್ನೊಂದು ವಾಕ್ಯದಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಎಲ್ಲೋ ಅವಳು?"

"ಅವಳು... ಭಾನುವಾರ ಹೊರಗಡೆನೇ ಇರ್ತಾಳೆ. ನೋಡೋ ಜಾಗಗಳಲ್ಲಿ." ತನಗೆ ತಿಳಿದಮಟ್ಟಿಗೆ ಇದು ಸತ್ಯ ಎಂದು ಅವನು ತನ್ನ ಮನಸ್ಸನ್ನು ಒಪ್ಪಿಸಿಕೊಂಡ.

"ಹಾಗಾದ್ರೆ ನಡಿ" ಎಂದರು ಭಾವ. "ಹುಡುಕಿ ತೆಗೆಯೋದು ನನಗೆ ಬಿಡು."

ಹೀಗೆ ಮೂವರ ಪ್ರವಾಸ ಶುರುವಾಯಿತು. ಗಡಿಯಾರದ ಗೋಪುರದ ಕೆಳಗೆ ಅಕ್ಕ ಕತ್ತೆತ್ತಿ ನೋಡಿ, "ಎಷ್ಟು ವರ್ಷದ್ದೋ ಇದು?" ಎಂದಳು.

"ತುಂಬಾ" ಎಂದ ಪಕ್ಕಾ.

"ಯಾರು ಕಟ್ಸಿದ್ದು?"

"ಆಗಿನೋರು."

ಭಾವ ಅಷ್ಟರಲ್ಲಿ ಫೋನಿನಲ್ಲಿದ್ದ ಫೋಟೋವನ್ನು ಬಾಗಿಲ ಕಾವಲುಗಾರನ ಮೂಗಿಗೆ ಹಿಡಿದು ತನಿಖೆ ನಡೆಸಿದ್ದರು. ನಾಲ್ಕು ಮಂದಿರಗಳ ಬೀದಿಯಲ್ಲಿ ಅವರು ಒಂದು ತುದಿಯಿಂದ ಇನ್ನೊಂದು ತುದಿಗೆ ರೈಲುಡಬ್ಬಿಯಲ್ಲಿ ನಡೆದಂತೆ ನಡೆದು, ಎಡಬಲದ ಪ್ರತಿ ಮುಖವನ್ನೂ ಪರೀಕ್ಷಿಸಿದರು. ಕೊಡೆ ಹಿಡಿದವರೆಲ್ಲ ಅವರನ್ನು ಕಂಡು ಯಾಕೋ ಕೈಚೀಲ ತಡಕಾಡತೊಡಗಿದರು. ಅಕ್ಕ ಮಾತ್ರ ಒಂದು ಕಟ್ಟೆಯ ಮೇಲೆ ಕುಳಿತು, ನಾಲ್ಕು ಬಾಗಿಲುಗಳಿಂದಲೂ ಬಂದು ಹೋಗುವವರನ್ನು ನೋಡುತ್ತ, "ಇಷ್ಟು ಜನದ ಮಧ್ಯೆ ಇದ್ದೀಯ. ನಾನು ಸುಮ್ನೆ ಹೆದರ್ತಿದ್ದೆ" ಎಂದಳು. ಪಕ್ಕಾ ಅವಳ ಚಪ್ಪಲಿಯನ್ನೇ ನೋಡುತ್ತಿದ್ದ.

ದೀಪಸ್ತಂಭ ತಲುಪುವ ಹೊತ್ತಿಗೆ ಮಧ್ಯಾಹ್ನ ಎರಡು. ಅಕ್ಕನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಭಾವ ಸೀದಾ ಮಾಹಿತಿ ಕಿಟಕಿಗೆ ಹೋದರು. ಒಳಗೆ ನೆಗಡಿಯಾಗಿದ್ದ ಗುಮಾಸ್ತರೊಬ್ಬರು ಅರ್ಜಿ ನಮೂನೆ ತೆಗೆದರು.

"ಕಾಣೆಯಾದವರ ಹೆಸರು?"

ಭಾವ ಪಕ್ಕಾನನ್ನು ನೋಡಿದರು. ಪಕ್ಕಾ ಸಮುದ್ರವನ್ನು ನೋಡಿದ.

"ನಾಚ್ಕೋತಾನೆ" ಎಂದರು ಭಾವ. "ಹೆಸರು ಬಿಡಿ, ಮುಂದಿನದು ಬರ್ಕೊಳ್ಳಿ."

"ಸಂಬಂಧ? ಇಲ್ಲಿ ಮೂರೇ ಇದೆ. ಮಗು, ಗಂಡ-ಹೆಂಡತಿ, ಸಾಮಾನು."

"ಇನ್ನೂ ಏನೂ ಆಗಿಲ್ಲ ಸಾರ್. ಮಾತುಕತೆ ಹಂತ."

"ಮಾತುಕತೆಗೆ ಜಾಗ ಇಲ್ಲ. ಸಾಮಾನು ಅಂತ ಹಾಕ್ಲಾ?"

"ಛೆ, ಛೆ! ಹೆಂಡತಿ ಅಂತಲೇ ಹಾಕಿ."

"ಬೇಡ ಭಾವ, ದಯವಿಟ್ಟು..." ಎಂದ ಪಕ್ಕಾ. ಅಷ್ಟರಲ್ಲಿ ಗುಮಾಸ್ತರು ಧ್ವನಿವರ್ಧಕದ ಗುಂಡಿ ಒತ್ತಿಯಾಗಿತ್ತು. ಬಂದರಿನ ಅಷ್ಟೂ ಕಂಬಗಳಿಂದ ಅವರ ನೆಗಡಿಯ ದನಿ ಹೊರಟಿತು: "ಗಮನಿಸಿ. ಹಸಿರು ಕೊಡೆ ಹಿಡಿದ ಮಹಿಳೆಯವರೇ, ಎಲ್ಲಿದ್ದರೂ ಕೂಡಲೇ ಮಾಹಿತಿ ಕಿಟಕಿಗೆ ಬನ್ನಿ. ನಿಮ್ಮ ಗಂಡ ದೀಪಸ್ತಂಭದ ಕೆಳಗೆ ಅಳುತ್ತಾ ನಿಂತಿದ್ದಾರೆ."

"ನಾನು ಅಳ್ತಾ ಇಲ್ಲ!"

"ಹಾಗಂದ್ರೆ ಬೇಗ ಬರ್ತಾರೆ. ಹದಿನಾಲ್ಕು ವರ್ಷದ ಅನುಭವ ನನ್ದು" ಎಂದು ಗುಮಾಸ್ತರು ಅದನ್ನೇ ಇನ್ನೂ ಮೂರು ಭಾಷೆಯಲ್ಲಿ ಹೇಳಿದರು.

ಬಂದರಿಗೆ ಬಂದಿದ್ದ ಜನವೆಲ್ಲ ಅಳುವ ಗಂಡನನ್ನು ನೋಡಲು ಸೇರಿತು. ಅಂದು ಆ ಸುತ್ತಿನಲ್ಲಿ ಹಸಿರು ಕೊಡೆಗಳು ನಾಲ್ಕಿದ್ದವು. ಮೊದಲು ಬಂದದ್ದು ಒಬ್ಬ ಅಜ್ಜಿ. ಪಕ್ಕಾನನ್ನು ಮೇಲಿಂದ ಕೆಳಗೆ ನೋಡಿ, "ಇವರಲ್ಲ" ಎಂದು ಸ್ವಲ್ಪ ಬೇಸರದಿಂದಲೇ ಹಿಂತಿರುಗಿದಳು. ಎರಡನೆಯವಳು ಮದುವೆಯೇ ಆಗದವಳು. ಆದರೂ ಏನೆಂದು ತಿಳಿದುಕೊಂಡು ಹೋಗೋಣವೆಂದು ನಿಂತಳು. ಮೂರನೆಯವಳ ಜೊತೆ ಅವಳ ನಿಜವಾದ ಗಂಡನೇ ಬಂದಿದ್ದ. ದಪ್ಪ ಮನುಷ್ಯ. ತನ್ನ ಹೆಂಡತಿಗಾಗಿ ಅಳಲು ಪಕ್ಕಾನಿಗಿರುವ ಅಧಿಕಾರವೇನೆಂದು ಅವನು ತೋಳು ಮಡಚಿ ಕೇಳುತ್ತಿದ್ದಾಗ, ಜನರನ್ನು ಸೀಳಿಕೊಂಡು ನಾಲ್ಕನೇ ಕೊಡೆ ಬಂತು.

"ಯಾರ್ರೀ ಅದು ಅನೌನ್ಸ್ ಮಾಡಿದ್ದು?" ಎಂದು ಅವಳು ಕಿಟಕಿ ಬಡಿದಳು. "ಮೂರನೇ ಭಾಷೇಲಿ ಹಸಿರು ಕೊಡೆ ಅನ್ನೋದಕ್ಕೆ ಹಸಿರು ಮೇಕೆ ಅಂದ್ರಲ್ಲ, ಏನ್ರೀ ಇದು? ಅಲ್ಲಿ ಆ ಭಾಷೆಯೋರು ಬಿದ್ದು ಬಿದ್ದು ನಗ್ತಿದ್ದಾರೆ!"

"ಎರಡೂ ಒಂದೇ ತರ ಕೇಳ್ಸುತ್ತೆ ಮೇಡಂ" ಎಂದರು ಗುಮಾಸ್ತರು.

ಅಕ್ಕ ಕುಂಟುತ್ತ ಹೋಗಿ ಅವಳ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು. "ನೀವೇನಾ?"

"ನಾನೇ. ನಾಮಫಲಕ ವಿಭಾಗ" ಎಂದಳು ಅವಳು. "ಏನು ದೂರು?"

ಆಮೇಲೆ ತಿಳಿದದ್ದು ಇಷ್ಟು. ಊರಿನ ನೋಡತಕ್ಕ ಜಾಗಗಳಲ್ಲೆಲ್ಲ ನಾಲ್ಕು ಭಾಷೆಯ ಫಲಕಗಳಿದ್ದವು. ಯಾವ ಭಾಷೆಯಲ್ಲಿ ಒಂದಕ್ಷರ ತಪ್ಪಿದರೂ ಆ ಭಾಷೆಯವರಿಂದ ಪತ್ರ ಬರುತ್ತಿತ್ತು. ಹಾಗಾಗಿ ನಗರ ಕಚೇರಿ ತಪ್ಪು ಹುಡುಕಲು ಒಬ್ಬಳನ್ನು ನೇಮಿಸಿತ್ತು. ಇಡೀ ಊರಿಗೆ ಅವಳೊಬ್ಬಳೇ. ಭಾನುವಾರ ಭಾನುವಾರ ಫಲಕಗಳ ಫೋಟೋ ತೆಗೆದು, ಪುಸ್ತಕದಲ್ಲಿ ಬರೆದು, ಸೋಮವಾರ ಒಪ್ಪಿಸಬೇಕು.

ಇಷ್ಟು ಹೇಳಿ ತಿರುಗಿದವಳಿಗೆ ಪಕ್ಕಾ ಕಣ್ಣಿಗೆ ಬಿದ್ದ.

"ನೀವು!" ಎಂದಳು. "ಬೋರ್ಡ್ ಮುಂದೆ ನಿಲ್ಲೋ ಮನುಷ್ಯ!"

"ನಾನು...?"

"ಮೂರು ವಾರ! ಮೂರು ವಾರದಿಂದ ನಾನು ಯಾವ ಬೋರ್ಡಿಗೆ ಹೋದ್ರೂ ನೀವು ಅದರ ಮುಂದೆ! ಸರಿತಾರೆ, ಸರಿತಾರೆ ಅಂತ ಕಾಯ್ತೀನಿ, ನೀವು ಸರಿಯಲ್ಲ. ಮೂರೂ ವರದಿ ವಾಪಸ್ ಬಂದಿದೆ ನನಗೆ. ನಮ್ಮ ಸಾಹೇಬರು ಏನ್ ಬರೆದಿದ್ದಾರೆ ಗೊತ್ತಾ? 'ಪ್ರತಿ ಚಿತ್ರದಲ್ಲೂ ಇರುವ ಈ ವ್ಯಕ್ತಿ ತಮ್ಮ ಮನೆಯವರೇ? ಕರ್ತವ್ಯದ ವೇಳೆ ಕುಟುಂಬ ಸಮೇತ ಪ್ರವಾಸ ಮಾಡುವಂತಿಲ್ಲ.' ನನಗೆ ಕುಟುಂಬವೇ ಇಲ್ಲ ರೀ! ನೋಡಿ ಬೇಕಾದ್ರೆ!"

ಅವಳು ಸಾಕ್ಷಿಗೆಂದು ತನ್ನ ಫೋನನ್ನು ಚಾಚಿದಳು. ಅಕ್ಕ ಅದನ್ನು ತೆಗೆದುಕೊಂಡಳು.

ಮೊದಲನೆಯದು ಗಡಿಯಾರದ ಗೋಪುರ, ಒಂಬತ್ತು ಗಂಟೆ ಐದು ನಿಮಿಷ. ಫಲಕದ ಮುಂದೆ ಪಕ್ಕಾ. ಸುತ್ತ ಯಾರೂ ಇಲ್ಲ. ಒಂಬತ್ತೂ ಕಾಲು: ಪಕ್ಕಾ ಫೋನು ಚಾಚಿ ಯಾರನ್ನೋ ಏನೋ ಕೇಳುತ್ತಿದ್ದಾನೆ, ಕೇಳಿಸಿಕೊಂಡವರ ಬೆನ್ನು ಮಾತ್ರ ಚಿತ್ರದ ಅಂಚಿನಲ್ಲಿದೆ. ಒಂಬತ್ತೂವರೆ: ಕಟ್ಟೆಯ ಮೇಲೆ ಕುಳಿತು ಕಾಗದ ಬಿಚ್ಚಿ ಬ್ರೆಡ್ಡು ತಿನ್ನುತ್ತಿದ್ದಾನೆ. ಒಂಬತ್ತು ನಲವತ್ತು: ಎದ್ದು ನಿಂತು, ಯಾರೂ ಇಲ್ಲದ ಕಡೆ ತಿರುಗಿ ನಗುತ್ತಿದ್ದಾನೆ. ಅದು ಫೋಟೋಗೆಂದು ನಗುವ ತಾಲೀಮು. ಅಕ್ಕನ ಬೆರಳು ಸರಿಯಿತು. ದೀಪಸ್ತಂಭ; ಕಟಕಟೆ ಹಿಡಿದು ಒಬ್ಬನೇ. ನಾಲ್ಕು ಮಂದಿರಗಳ ಬೀದಿ. ಜನ ಬರುತ್ತಿದ್ದಾರೆ, ಹೋಗುತ್ತಿದ್ದಾರೆ, ಅವರ ಕೈಕಾಲು ಚಿತ್ರದಲ್ಲಿ ಮಸುಕಾಗಿವೆ. ಸ್ಪಷ್ಟವಾಗಿ ಕಾಣಿಸುವವನು ಪಕ್ಕಾ ಒಬ್ಬ. ಅಲುಗಾಡದೆ ನಿಂತವನು ಅವನೊಬ್ಬನೇ ಆದ್ದರಿಂದ.

ಭಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಆಮೇಲೆ ಕನ್ನಡಕ ತೆಗೆದು, ಒರೆಸಿ, ಜೇಬಿಗಿಟ್ಟುಕೊಂಡರು. 

"ಆ ಕೋಲು ಹಿಡಿದ ಅಜ್ಜಿ..." ಎಂದಳು ಅಕ್ಕ. "ಅವರ ಕಾಲು?"

"ಗೊತ್ತಿಲ್ಲ ಅಕ್ಕ. ಅವರ ಭಾಷೆ ನನಗೆ ಬರಲ್ಲ."

ದಪ್ಪ ಮನುಷ್ಯ ತೋಳು ಕೆಳಗಿಳಿಸಿ ಹೆಂಡತಿಯನ್ನು ಕರೆದುಕೊಂಡು ಹೊರಟ. ಜನ ಚದುರಿತು. ಫಲಕದ ಹೆಂಗಸಿಗೆ ಏನರ್ಥವಾಯಿತೋ, ಎಷ್ಟರ್ಥವಾಯಿತೋ, ದನಿ ಇಳಿಸಿದಳು. "ಅಳಿಸಿ ಹಾಕ್ತೀನಿ ಬಿಡಿ. ನನಗೆ ಹೇಗಿದ್ರೂ ಉಪಯೋಗವಿಲ್ಲ."

"ಬೇಡಮ್ಮ" ಎಂದಳು ಅಕ್ಕ. "ನನಗೆ ಕಳಿಸಿ. ಎಲ್ಲಾನೂ."

ಅವಳು ಒಂದೊಂದಾಗಿ ಕಳಿಸಿದಳು. ಅಕ್ಕನ ಫೋನು ಚೀಲದೊಳಗೆ ಇಪ್ಪತ್ತೆರಡು ಸಲ ಟಣ್ ಎಂದಿತು. ಆಮೇಲೆ ಅವಳು ಕೊಡೆ ಬಿಚ್ಚಿ, "ಇನ್ನೂ ಹದಿನೇಳು ಬೋರ್ಡ್ ಇದೆ" ಎಂದು ಹೊರಟಳು. ಪಕ್ಕಾ ಅವಳ ಹಿಂದೆ ನಾಲ್ಕು ಹೆಜ್ಜೆ ಓಡಿದ.

"ಮೇಡಂ, ನಾನು ಇನ್ಮೇಲೆ ಬೋರ್ಡ್ ಮುಂದೆ ನಿಲ್ಲಲ್ಲ."

ಅವಳು ಅವನನ್ನೊಮ್ಮೆ ನೋಡಿದಳು. "ನಿಲ್ಲಿ. ಯಾರು ಬೇಡ ಅಂದ್ರು? ಒಂದು ಹೆಜ್ಜೆ ಪಕ್ಕಕ್ಕೆ ನಿಂತ್ರೆ ಸಾಕು." ಹಾಗೆಂದು ಹಡಗುಕಟ್ಟೆಯ ಉದ್ದಕ್ಕೆ ನಡೆದು, ತಿರುವಿನಲ್ಲಿ ಮರೆಯಾದಳು. ಅವಳ ಹೆಸರನ್ನು ಯಾರೂ ಕೇಳಿರಲಿಲ್ಲ.

ಭಾವ ಅರ್ಜಿ ನಮೂನೆಯನ್ನು ರದ್ದು ಮಾಡಿಸುತ್ತೇನೆಂದು ಕಿಟಕಿಗೆ ಹೋದರು. ರದ್ದು ಮಾಡಲು ಬೇರೆ ನಮೂನೆ ಬೇಕಿತ್ತು. ಅಕ್ಕ ತಮ್ಮ ಇಬ್ಬರೂ ನೀರಿನ ಕಡೆಯ ಮೆಟ್ಟಿಲ ಮೇಲೆ ಕುಳಿತರು. ಅಕ್ಕ ಚಪ್ಪಲಿ ಕಳಚಿ ಬದಿಗಿಟ್ಟಳು.

"ಬೈಯಿ ಅಕ್ಕ" ಎಂದ ಪಕ್ಕಾ.

"ಬೈಯೋಕೆ ಬಾಯಿಲ್ಲ ನನಗೆ." ಅಕ್ಕ ಬೊಬ್ಬೆಯನ್ನು ಬೆರಳಿಂದ ಮುಟ್ಟಿ ನೋಡಿಕೊಂಡಳು. "ಭಾನುವಾರ ಎಂಟಕ್ಕೆ ನೀನು ಫೋನ್ ಮಾಡ್ತೀಯಲ್ಲ. ನಾನು ಏಳಕ್ಕೇ ಕೂತಿರ್ತೀನಿ. ವಾರವಿಡೀ ಹೇಳೋಕೆ ಅಂತ ಏನೇನೋ ಇಟ್ಕೊಂಡಿರ್ತೀನಿ. ನೀನು ಬ್ರೆಡ್ಡು ಅಂತೀಯ, ಬಟ್ಟೆ ಅಂತೀಯ, ಇಟ್ಟುಬಿಡ್ತೀಯ."

"ಭಾವ ಇದ್ದಾರಲ್ಲ?"

"ಇದ್ದಾರೆ. ಪೇಪರ್ ಓದಿ ಹೇಳ್ತಾರೆ. ಮೊದಲ ಪುಟದಿಂದ ಕೊನೇ ಪುಟದವರೆಗೆ. ಅದು ಮಾತಾಡೋದಲ್ಲ ಕಣೋ."

"ಮತ್ತೆ ಯಾಕೆ ನೀನು ಹೇಳಲಿಲ್ಲ?"

"ನೀನು ಪಾಪ ಅಂತೀಯ ಅಂತ."

ಪಕ್ಕಾನಿಗೆ ನಗು ಬಂತು. ಅಕ್ಕನಿಗೂ ಬಂತು. ನಗುನಗುತ್ತಲೇ ಅವಳು ಅತ್ತಳು. ಭಾವ ಎರಡನೇ ನಮೂನೆ ಹಿಡಿದು ಬಂದು, ಇಬ್ಬರನ್ನೂ ನೋಡಿ, ಮೂರನೆಯದೇನಾದರೂ ಬೇಕಾಗಬಹುದೆಂದು ಮತ್ತೆ ಕಿಟಕಿಗೆ ಹೋದರು.

ಐದು ನಲವತ್ತರ ರೈಲು. ಕಿಟಕಿಯಿಂದ ಅಕ್ಕ ಎರಡೂ ಹೊದಿಕೆಗಳನ್ನು ಅವನ ಕೈಗೆ ತುರುಕಿದಳು. "ಎರಡನ್ನೂ ಹೊದ್ಕೋ. ಚಳಿ ಇದೆ ನಿಮ್ಮೂರಲ್ಲಿ." ಭಾವ ಸೀಟಿನ ಸಂಖ್ಯೆಯನ್ನು ಇನ್ನೊಮ್ಮೆ ಓದಿ, ಪಕ್ಕಾನ ಭುಜ ತಟ್ಟಿದರು. ರೈಲು ಹೊರಟಿತು. ಅದರ ಕೊನೆಯ ಡಬ್ಬಿ ಕಣ್ಮರೆಯಾಗುವವರೆಗೆ ಪ್ಲಾಟ್‌ಫಾರಂ ಮೇಲೆ ಕೈಬೀಸುವವರು ಹತ್ತಾರು ಜನರಿದ್ದರು. ಆಮೇಲೆ ಎಲ್ಲರೂ ಜೊತೆಜೊತೆಯಾಗಿ ಹೊರಟರು.

ಪಕ್ಕಾ ನಿಲ್ದಾಣದ ಮೆಟ್ಟಿಲಿಳಿಯುತ್ತಿದ್ದಾಗ ಒಬ್ಬ ಮನುಷ್ಯ ಅಡ್ಡ ಬಂದ. ಐವತ್ತರ ವಯಸ್ಸು, ಬೆನ್ನಿಗೆ ಚೀಲ, ಕೈಯಲ್ಲಿ ಊರಿನ ನಕ್ಷೆ. ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದ. ತನ್ನ ಭಾಷೆಯಲ್ಲಿ ಏನೋ ಕೇಳಿ, ಒಂದು ಚಿತ್ರದ ಮೇಲೆ ಬೆರಳಿಟ್ಟ: ಹಳೆಯ ಹಡಗುಗಳ ವಸ್ತುಸಂಗ್ರಹಾಲಯ. ಪಕ್ಕಾನ ಕ್ಯಾಲೆಂಡರಿನಲ್ಲಿ ಅದು ಇರಲಿಲ್ಲ. ಅಂಥದ್ದೊಂದು ಊರಲ್ಲಿದೆಯೆಂದೇ ಅವನಿಗೆ ತಿಳಿದಿರಲಿಲ್ಲ.

"ನನಗೂ ಗೊತ್ತಿಲ್ಲ" ಎಂದ ಪಕ್ಕಾ. ತಲೆಯಲ್ಲಾಡಿಸಿಯೂ ತೋರಿಸಿದ. ಆ ಮನುಷ್ಯ ಹೋಗಲಿಲ್ಲ. ಅಲ್ಲೇ ನಿಂತು, ನಕ್ಷೆಯನ್ನು ಮಡಿಸಲೂ ಆಗದೆ ಬಿಚ್ಚಲೂ ಆಗದೆ ಒದ್ದಾಡುತ್ತಿದ್ದ. ಪಕ್ಕಾ ಒಂದು ತುದಿ ಹಿಡಿದುಕೊಂಡ.

"ಬನ್ನಿ, ಹುಡುಕೋಣ" ಎಂದ.

ಇಬ್ಬರೂ ಹೊರಟರು. ಮೊದಲ ತಿರುವೇ ತಪ್ಪಿತು. ಮೀನುಪೇಟೆಯ ಹಿಂಬದಿಗೆ ಹೋಗಿ ನಿಂತರು. ಎರಡನೇ ತಿರುವು ಅವರನ್ನು ಒಂದು ಶಾಲೆಯ ಬೀಗ ಹಾಕಿದ ಗೇಟಿಗೆ ತಂದು ಬಿಟ್ಟಿತು. ದಾರಿಯುದ್ದಕ್ಕೂ ಆ ಮನುಷ್ಯ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದ: ಹೆಂಡತಿಯ ವಿಷಯವೋ, ಹಡಗಿನ ವಿಷಯವೋ. ಪಕ್ಕಾ ತನ್ನ ಭಾಷೆಯಲ್ಲಿ ಅಕ್ಕನ ಚಪ್ಪಲಿ ಕಚ್ಚಿದ್ದನ್ನು, ಭಾವನ ನಮೂನೆಗಳನ್ನು, ಕಿಂಡಿಯಿಂದ ಬಂದ ಕೈಯನ್ನು ಹೇಳಿದ. ಒಬ್ಬ ನಿಲ್ಲಿಸಿದಾಗ ಇನ್ನೊಬ್ಬ ಶುರು ಮಾಡುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಹೌದೆಂದು ತಲೆಯಾಡಿಸುತ್ತಿದ್ದರು.

ವಸ್ತುಸಂಗ್ರಹಾಲಯ ಸಿಕ್ಕಾಗ ಅದರ ಬಾಗಿಲು ಮುಚ್ಚಿ ಅರ್ಧ ಗಂಟೆಯಾಗಿತ್ತು. ಆ ಮನುಷ್ಯ ಬೀಗವನ್ನು ನೋಡಿದ, ಪಕ್ಕಾನನ್ನು ನೋಡಿದ. ಆಮೇಲೆ ಚೀಲ ಇಳಿಸಿ ಮೆಟ್ಟಿಲ ಮೇಲೆ ಕುಳಿತು, ಅರ್ಧಕ್ಕೆ ನಿಂತಿದ್ದ ಮಾತನ್ನು ಮುಂದುವರಿಸಿದ. ಪಕ್ಕಾನೂ ಪಕ್ಕದಲ್ಲಿ ಕುಳಿತ. ಗಾಳಿ ತಣ್ಣಗಿತ್ತು. ಅವನು ಒಂದು ಹೊದಿಕೆ ಬಿಚ್ಚಿ ಆ ಮನುಷ್ಯನಿಗೆ ಕೊಟ್ಟು, ಇನ್ನೊಂದನ್ನು ತಾನು ಹೊದ್ದುಕೊಂಡು, ಕೇಳತೊಡಗಿದ.